ಮಕ್ಕಳ ಕೊರಳಿಗೆ ಒಪ್ಪುವ ನಾಟಕ

ಮಳೆಗಾಲ ಹಿಡಿದು ಲೋಕಲ್ ಗಾಡಿಗಳು ತಡವಾಗಿ ಓಡತೊಡಗಿದವೆಂದರೆ ನಮ್ಮ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಒಂದು ವಿಷಯ ತಪ್ಪದೆ ಚರ್ಚೆಗೆ ಬರುತ್ತದೆ. ವಾರ್ಷಿಕೋತ್ಸವದ ದಿನ ಪ್ರೌಢಶಾಲೆಯ ವಯಸ್ಸಿನ ನಮ್ಮ ಮಕ್ಕಳಿಂದ ಯಾವ ಸಂಗೀತ ನಾಟಕವನ್ನು ಆಡಿಸಬೇಕು ಎಂಬುದೇ ಆ ವಿಷಯ. ಚರ್ಚೆ ಎಂದೆ, ಆದರೆ ಚಹಾದ ಲೋಟಗಳು ಬರಿದಾಗುವುದರೊಳಗೆ ನಿರ್ಣಯವೂ ಆಗಿಹೋಗಿರುತ್ತದೆ. ಹಿರಿಯರೊಬ್ಬರು ತಮ್ಮ ತಾರುಣ್ಯದಲ್ಲಿ ಧಾರವಾಡದಲ್ಲೋ ಮೈಸೂರಿನಲ್ಲೋ ಕುಂದಾಪುರದಲ್ಲೋ ಕಂಡ ಒಂದು ನಾಟಕವನ್ನು ನೆನೆಯುತ್ತಾರೆ. ಅದರ ಒಂದು ಹಾಡನ್ನು ಗುನುಗುತ್ತಾರೆ. ಉಳಿದವರ ಕಣ್ಣಾಲಿಗಳು ತುಂಬಿಬರುತ್ತವೆ. ಅದೇ ನಾಟಕವೆಂದು ನಿಶ್ಚಯವಾಗುತ್ತದೆ. ಕೋಶಾಧ್ಯಕ್ಷನಾದ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಖರ್ಚು ಎಷ್ಟಾದೀತು?" ಅದಕ್ಕೆ ಉತ್ತರ ಹೇಳಿ ಸುಮ್ಮನಾಗುವುದು ನನ್ನ ವಾಡಿಕೆ. ಈ ಬಾರಿ ಸುಮ್ಮನಿರಲು ಮನಸ್ಸು ಒಪ್ಪದೆ, ಸಂಪಾದಕರ ಅನುಮತಿ ಪಡೆದು ನಾಲ್ಕು ಮಾತುಗಳನ್ನು ಓದುಗರ ಮುಂದಿಡುತ್ತಿದ್ದೇನೆ.

ನಾನು ವಾಣಿಜ್ಯಶಾಸ್ತ್ರದ ಪದವೀಧರ, ಬ್ಯಾಂಕಿನ ಅಧಿಕಾರಿ. ರಂಗಭೂಮಿಯ ಪಂಡಿತನೂ ಅಲ್ಲ, ಸಂಗೀತದ ವಿದ್ವಾಂಸನೂ ಅಲ್ಲ. ಆದರೆ ನಮ್ಮ ವೃತ್ತಿ ಕಲಿಸುವ ಒಂದು ಪಾಠವಿದೆ. ಸಾಲದ ಅರ್ಜಿ ಮೇಜಿನ ಮೇಲೆ ಬಂದಾಗ ನಾವು ಮೊದಲು ನೋಡುವುದು ಅರ್ಜಿದಾರನ ಆಸೆಯನ್ನಲ್ಲ, ಮರುಪಾವತಿಯ ಶಕ್ತಿಯನ್ನು. ಶಕ್ತಿ ಮೀರಿದ ಸಾಲವನ್ನು ಮಂಜೂರು ಮಾಡಿ, ಕಂತು ನಿಂತಾಗ ಸಾಲಗಾರನನ್ನೇ ದೂರುವುದು ನ್ಯಾಯವಲ್ಲ. ಆ ತಪ್ಪಿನಲ್ಲಿ ಮಂಜೂರು ಮಾಡಿದವನ ಪಾಲೂ ಇರುತ್ತದೆ. ಮಕ್ಕಳ ಮೇಲೆ ನಾಟಕವನ್ನು ಹೊರಿಸುವಾಗಲೂ ಇದೇ ವಿವೇಕ ಬೇಕೆಂಬುದು ನನ್ನ ಅಭಿಪ್ರಾಯ. ಮೊದಲು ನಾಟಕವನ್ನು ಆರಿಸಿ ಅನಂತರ ಅದಕ್ಕೆ ಮಕ್ಕಳನ್ನು ಹುಡುಕುವ ಕ್ರಮವನ್ನು ಬಿಟ್ಟು, ಮೊದಲು ಮಕ್ಕಳನ್ನು ನೋಡಿ ಅವರಿಗೆ ಒಪ್ಪುವ ನಾಟಕವನ್ನು ಹುಡುಕಬೇಕು. ಈ ಲೇಖನದ ಸಾರ ಇಷ್ಟೇ.

ಇದನ್ನು ಬರೆಯಲು ಪ್ರೇರಣೆಯಾದ ಪ್ರಸಂಗವನ್ನು ಮರೆಮಾಚದೆ ಹೇಳುತ್ತೇನೆ. ಕಳೆದ ವರ್ಷ ನಮ್ಮ ಸಮಿತಿ ಆರಿಸಿದ್ದು ವೃತ್ತಿರಂಗಭೂಮಿಯ ಧಾಟಿಯ ಒಂದು ಪೌರಾಣಿಕ ನಾಟಕ. ಅದರಲ್ಲಿ ಕೃಷ್ಣನ ಪಾತ್ರಕ್ಕೆ ಐದು ಹಾಡುಗಳಿದ್ದವು. ಎಲ್ಲವೂ ತಾರಸ್ಥಾಯಿಯಲ್ಲಿ ಮೆರೆಯುವಂಥವು. ಆ ಪಾತ್ರಕ್ಕೆ ಆಯ್ಕೆಯಾದವನು ನನ್ನ ತಂಗಿಯ ಮಗ, ಎಂಟನೆಯ ತರಗತಿಯ ಹುಡುಗ. ಅದರ ಹಿಂದಿನ ವರ್ಷ ಅವನು ಹಾಡಿದ ದೇವರನಾಮವನ್ನು ಕೇಳಿದವರೆಲ್ಲ ಗಂಟೆಯಂಥ ಕಂಠವೆಂದು ಕೊಂಡಾಡಿದ್ದರು. ಜುಲೈ ತಿಂಗಳಲ್ಲಿ ಪಾತ್ರ ನಿಶ್ಚಯವಾಯಿತು. ದೀಪಾವಳಿಯ ರಜೆಯ ಹೊತ್ತಿಗೆ ಆ ಕಂಠ ಒಡೆಯಿತು. ಸಾಲಿನ ಆರಂಭದಲ್ಲಿ ಹುಡುಗನ ದನಿ, ಕೊನೆಯಲ್ಲಿ ಗಂಡಸಿನ ದನಿ. ನಡುವೆ ಎಲ್ಲಿ ಜಾರುವುದೆಂದು ಅವನಿಗೇ ತಿಳಿಯದು. ಪ್ರದರ್ಶನಕ್ಕೆ ಮೂರು ವಾರ ಉಳಿದಿತ್ತು. ಶ್ರುತಿಯನ್ನು ಇಳಿಸೋಣವೆಂದಾಗಲಿ, ಹಾಡನ್ನು ಹಂಚೋಣವೆಂದಾಗಲಿ ಯಾರಿಗೂ ತೋಚಲಿಲ್ಲ. ಗಾಯಕಿಯೊಬ್ಬರಿಂದ ಐದೂ ಹಾಡುಗಳನ್ನು ಧ್ವನಿಮುದ್ರಿಸಿ ಹುಡುಗ ತುಟಿಯಾಡಿಸಲಿ ಎಂದು ತೀರ್ಮಾನವಾಯಿತು. ಸ್ಟುಡಿಯೋದ ಬಿಲ್ಲು ನನ್ನ ಬಳಿಗೆ ಬಂದಿತು. ವೋಚರಿಗೆ ಸಹಿ ಹಾಕಿದೆ.

ಪ್ರದರ್ಶನದ ಸಂಜೆ ಮೂರನೆಯ ಹಾಡಿನ ನಡುವೆ ಧ್ವನಿವರ್ಧಕ ಸ್ತಬ್ಧವಾಯಿತು. ಕೆಲವು ಕ್ಷಣ ಹುಡುಗನಿಗೆ ಅದು ತಿಳಿಯಲೇ ಇಲ್ಲ. ಕೊಳಲನ್ನು ಹಿಡಿದು, ಕತ್ತು ಕೊಂಕಿಸಿ, ಶಬ್ದವಿಲ್ಲದೆ ತುಟಿಯಾಡಿಸುತ್ತಲೇ ಇದ್ದ. ಸಭಾಂಗಣ ನಕ್ಕಿತು. ಅದರಲ್ಲಿ ಕೆಡುಕಿನ ಭಾವವೇನೂ ಇರಲಿಲ್ಲ. ಮೊದಲ ಕ್ಷಣದಲ್ಲಿ ನಾನೂ ನಕ್ಕೆನೆಂದು ಒಪ್ಪಿಕೊಳ್ಳಲೇಬೇಕು. ಆದರೆ ಆ ಹುಡುಗ ಅಂದಿನಿಂದ ನಮ್ಮ ಭಾನುವಾರದ ಕನ್ನಡ ತರಗತಿಗೆ ಬಂದಿಲ್ಲ. ಮನೆಯಲ್ಲಿ ಗುನುಗುವುದನ್ನೂ ಬಿಟ್ಟಿದ್ದಾನೆಂದು ತಂಗಿ ಹೇಳುತ್ತಾಳೆ. ವರ್ಷಾಂತ್ಯದ ಜಮಾಖರ್ಚಿನ ತಃಖ್ತೆಯಲ್ಲಿ ಸ್ಟುಡಿಯೋದ ಬಾಡಿಗೆಗೆ ಒಂದು ಶೀರ್ಷಿಕೆ ಇದೆ. ಈ ನಷ್ಟವನ್ನು ಬರೆಯಲು ಶೀರ್ಷಿಕೆ ಇಲ್ಲ.

ಈ ಸಂಚಿಕೆಯಲ್ಲಿ ವೈದ್ಯರ ಲೇಖನಗಳು ಇರುವುದರಿಂದ ಆರೋಗ್ಯದ ವಿಷಯದಲ್ಲಿ ನಾನು ಹೆಚ್ಚು ಹೇಳುವುದು ಅಧಿಕಪ್ರಸಂಗವಾದೀತು. ಆದರೂ ನಾಟಕ ಆರಿಸುವವರು ತಿಳಿದಿರಲೇಬೇಕಾದ ಒಂದೆರಡು ಸಂಗತಿಗಳಿವೆ. ಸುಮಾರು 12ರಿಂದ 16 ವರ್ಷಗಳ ನಡುವೆ ಗಂಡುಮಕ್ಕಳ ಧ್ವನಿಪೆಟ್ಟಿಗೆ ತ್ವರಿತವಾಗಿ ಬೆಳೆಯುತ್ತದೆ. ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ಅದರ ಫಲವಾಗಿ ಕಂಠ ಸುಮಾರು ಒಂದು ಸಪ್ತಕದಷ್ಟು ಕೆಳಗಿಳಿಯುತ್ತದೆ. ಹೆಣ್ಣುಮಕ್ಕಳ ಕಂಠವೂ ಎರಡು ಮೂರು ಸ್ವರಸ್ಥಾನಗಳಷ್ಟು ಇಳಿಯುತ್ತದೆ. ಕೆಲವು ಕಾಲ ದನಿಯಲ್ಲಿ ಉಸಿರು ಬೆರೆತಂತಿರುತ್ತದೆ. ಇದು ರೋಗವಲ್ಲ, ಬೆಳವಣಿಗೆ. ಒಬ್ಬೊಬ್ಬರಲ್ಲಿ ಒಂದೊಂದು ವೇಗದಲ್ಲಿ ನಡೆಯುವುದರಿಂದ ಜುಲೈಯಲ್ಲಿ ಇದ್ದ ದನಿ ಜನವರಿಯಲ್ಲಿ ಇರುತ್ತದೆಂದು ಯಾರೂ ಭರವಸೆ ಕೊಡಲಾರರು. ಎಂಟರಿಂದ ಹತ್ತನೆಯ ತರಗತಿಯೆಂದರೆ ಇದೇ ವಯಸ್ಸು. ಆದ್ದರಿಂದ ಪ್ರೌಢಶಾಲೆಯ ಸಂಗೀತ ನಾಟಕದ ಸಮಸ್ಯೆಯೇ ಬೇರೆ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಸಲ್ಲುವುದು ಇಲ್ಲಿ ಸಲ್ಲದು. ಕಾಲೇಜಿನವರಿಗೆ ಸಲ್ಲುವುದೂ ಸಲ್ಲದು.

ಈ ಅವಧಿಯಲ್ಲಿ ಹಾಡಲೇಬಾರದೆಂದು ಹೇಳುವ ಹಿರಿಯರುಂಟು. ಅಷ್ಟು ದೂರ ಹೋಗಬೇಕಾಗಿಲ್ಲ. ಕೂಗದೆ, ಒತ್ತಾಯಿಸದೆ, ಸುಲಭವಾಗಿ ಎಟುಕುವ ಸ್ವರಗಳಲ್ಲಿ ಹಾಡುವುದರಿಂದ ಕೇಡಿಲ್ಲ. ಕೇಡಾಗುವುದು ಇಳಿಯುತ್ತಿರುವ ಕಂಠವನ್ನು ಹಳೆಯ ಎತ್ತರದಲ್ಲೇ ಹಿಡಿದು ನಿಲ್ಲಿಸಲು ಹೊರಟಾಗ. ಅಭ್ಯಾಸದ ನಡುವೆ ನೀರು, ವಿಶ್ರಾಂತಿ, ಗದ್ದಲದ ನಡುವೆ ಕಿರುಚದಂತೆ ಎಚ್ಚರಿಕೆ, ಇಷ್ಟು ಸಾಕು. ದನಿ ಕಟ್ಟಿದ್ದು ಎರಡು ಮೂರು ವಾರಗಳಾದರೂ ಬಿಡದಿದ್ದರೆ ಅದನ್ನು ವಯಸ್ಸಿನ ಮೇಲೆ ಹೊರಿಸಿ ಕುಳಿತುಕೊಳ್ಳದೆ ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಬೇಕು.

ಹಾಗಾದರೆ ಆಯ್ಕೆಯ ಮೊದಲ ನಿಯಮ ಇದು: ಒಬ್ಬನೇ ಬಾಲಕನ ಏಕಾಂತ ಗಾಯನದ ಮೇಲೆ ನಿಂತಿರುವ ನಾಟಕ ಪ್ರೌಢಶಾಲೆಗೆ ಬೇಡ. ಸಮೂಹಗಾನ ಹೆಚ್ಚಾಗಿರುವ ನಾಟಕ ಬೇಕು. ಮೇಳದಲ್ಲಿ ಹತ್ತು ದನಿಗಳ ನಡುವೆ ಒಂದು ದನಿ ಜಾರಿದರೆ ಉಳಿದವು ಅದನ್ನು ಎತ್ತಿಕೊಳ್ಳುತ್ತವೆ. ಹಾಡುಗಳು ಮಧ್ಯಸ್ಥಾಯಿಯ ಷಡ್ಜದಿಂದ ಪಂಚಮ, ದೈವತದವರೆಗೆ ಓಡಾಡಿದರೆ ಸಾಕು. ಶ್ರುತಿಯನ್ನು ಹಾರ್ಮೋನಿಯಂ ನುಡಿಸುವವರ ಅನುಕೂಲಕ್ಕಲ್ಲ, ಮಕ್ಕಳ ಅನುಕೂಲಕ್ಕೆ ಹಿಡಿಯಬೇಕು. ಪ್ರತಿ ತಿಂಗಳೂ ಮತ್ತೆ ಕೇಳಿ ನೋಡಿ ಬದಲಾಯಿಸಬೇಕು. ಅರ್ಧ ಮಾತು, ಅರ್ಧ ಹಾಡು ಎನ್ನುವಂಥ ಲಯಬದ್ಧವಾದ ಸಾಲುಗಳನ್ನು ಒಡೆದ ಕಂಠದ ಹುಡುಗರೂ ಸೊಗಸಾಗಿ ಹೇಳಬಲ್ಲರು. ಇನ್ನು ಕೃಷ್ಣನ ಪಾತ್ರವನ್ನು ಹುಡುಗಿಯೊಬ್ಬಳು ಮಾಡಿದರೆ ಆಗುವ ನಷ್ಟವಾದರೂ ಏನು? ಬಾಲಗಂಧರ್ವರು ಸ್ತ್ರೀಪಾತ್ರದಲ್ಲಿ ನಿಂತು ಹಾಡಿದ್ದನ್ನು ತಲೆಯ ಮೇಲೆ ಹೊತ್ತುಕೊಂಡ ಊರಿನಲ್ಲಿ ನಾವಿದ್ದೇವೆ.

ಆ ಹೆಸರು ಬಂದುದರಿಂದ ಒಂದು ಮಾತು. ಮುಂಬಯಿಯ ನಾವು ಸಂಗೀತ ನಾಟಕದ ವಿಷಯದಲ್ಲಿ ಪರಕೀಯರೆಂಬ ಸಂಕೋಚ ಪಡಬೇಕಾಗಿಲ್ಲ. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ಆಡಿಸಿದ ‘ಸೀತಾ ಸ್ವಯಂವರ’ಕ್ಕೆ ಪ್ರೇರಣೆಯಾದುದು ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳವೆಂಬುದನ್ನು ಮರಾಠಿ ರಂಗಭೂಮಿಯ ಇತಿಹಾಸಕಾರರೂ ಹೇಳುತ್ತಾರೆ. 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ವನ್ನು ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ಭದ್ರ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಇತ್ತ ಕನ್ನಡದಲ್ಲಿ ಗುಬ್ಬಿ ವೀರಣ್ಣನವರ ಕಂಪನಿಯಂಥ ನಾಟಕ ಮಂಡಲಿಗಳು ಹಾಡಿನ ಬಲದಿಂದಲೇ ಊರೂರುಗಳನ್ನು ಗೆದ್ದವು. ಆದರೆ ಆ ನಾಟಕಗಳು ರಾತ್ರಿಯೆಲ್ಲ ನಡೆಯುತ್ತಿದ್ದವು. ವರ್ಷವಿಡೀ ಅದನ್ನೇ ಉಸಿರಾಡುತ್ತಿದ್ದ ನುರಿತ ನಟರಿಗಾಗಿ ಅವನ್ನು ಬರೆದಿದ್ದರು. ಭಾನುವಾರ ಮಾತ್ರ ಡೊಂಬಿವಲಿಯಿಂದಲೂ ಮೀರಾರೋಡಿನಿಂದಲೂ ಎರಡು ಗಾಡಿ ಬದಲಾಯಿಸಿ ಬಂದು, ಎರಡು ತಾಸು ಅಭ್ಯಾಸ ಮಾಡಿ, ಟ್ಯೂಷನ್ನಿಗೆ ಓಡುವ ಮಕ್ಕಳಿಗಾಗಿ ಅಲ್ಲ. ಪರಂಪರೆಯನ್ನು ಗೌರವಿಸುವುದೆಂದರೆ ಅದರ ಅತ್ಯಂತ ಭಾರವಾದ ಒಡವೆಯನ್ನು ಮಗುವಿನ ಕೊರಳಿಗೆ ತೊಡಿಸುವುದಲ್ಲ.

ಎರಡನೆಯ ನಿಯಮ ಭಾಷೆಯದು. ನಮ್ಮ ಮಕ್ಕಳಲ್ಲಿ ಹಲವರು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಕೊಂಕಣಿಯನ್ನೋ ಆಡುತ್ತಾರೆ. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಹಿಂದಿ, ಮರಾಠಿ. ಕನ್ನಡ ಅಕ್ಷರ ಬಾರದ ಮಕ್ಕಳಿಗೆ ತಾಯಂದಿರು ಮಾತುಗಳನ್ನು ದೇವನಾಗರಿಯಲ್ಲೋ ಇಂಗ್ಲಿಷ್ ಅಕ್ಷರಗಳಲ್ಲೋ ಬರೆದುಕೊಡುತ್ತಾರೆ. ದೇವನಾಗರಿಯಲ್ಲಿ ನಮ್ಮ ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ವಾಡಿಕೆಯಲ್ಲಿ ಭೇದವಿಲ್ಲ. ‘ಕೊಡು’ ಎನ್ನಬೇಕಾದಲ್ಲಿ ‘ಕೋಡು’ ಬರುತ್ತದೆ. ‘ಬೆಳೆ’ ಬೇಯಿಸಿದ ‘ಬೇಳೆ’ಯಾಗುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಂತೂ ಬೆಲೆ, ಬೆಳೆ, ಬೇಳೆ ಮೂರೂ ಒಂದೇ. ಇಲ್ಲಿ ಹಾಡು ನಮ್ಮ ನೆರವಿಗೆ ಬರುತ್ತದೆ. ತಾಳಕ್ಕೆ ಕೂರಿಸಿದ ಸಾಲಿನಲ್ಲಿ ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಮಗು ತಪ್ಪು ಹೇಳಿದರೆ ತಾಳವೇ ತಪ್ಪಿ ತಿದ್ದುತ್ತದೆ. ವ್ಯಾಕರಣದ ಪುಸ್ತಕ ಮಾಡಲಾರದ ಕೆಲಸವನ್ನು ಒಂದು ಸರಳವಾದ ಹಾಡು ಎರಡು ಭಾನುವಾರಗಳಲ್ಲಿ ಮಾಡಿಬಿಡುತ್ತದೆ.

ಆದರೆ ಆ ಹಾಡು ಮಗುವಿಗೆ ಅರ್ಥವಾಗಬೇಕು. ಪು. ತಿ. ನರಸಿಂಹಾಚಾರ್ಯರ ‘ಗೋಕುಲ ನಿರ್ಗಮನ’ ಕನ್ನಡದ ಶ್ರೇಷ್ಠ ಗೀತನಾಟಕಗಳಲ್ಲಿ ಒಂದು. ಅವರ ‘ಹಂಸದಮಯಂತಿ ಮತ್ತು ಇತರ ರೂಪಕಗಳು’ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿಯನ್ನು ಪಡೆದ ಕೃತಿ. ಇವುಗಳ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ರಾಗಭಾವದ ಆ ಸೂಕ್ಷ್ಮವನ್ನೂ ಆ ಪದಸಂಪತ್ತನ್ನೂ ಅಕ್ಷರವೇ ಬಾರದ ಹದಿಮೂರರ ಮಗುವಿನಿಂದ ಹದಿನೈದು ಭಾನುವಾರಗಳಲ್ಲಿ ಬಯಸುವುದು ಕೃತಿಗೂ ಮಗುವಿಗೂ ಮಾಡುವ ಅನ್ಯಾಯ. ಸಂಗೀತಾಭ್ಯಾಸವಿರುವ ನಾಲ್ಕಾರು ಹುಡುಗಿಯರು ಇದ್ದರೆ ಒಂದು ದೃಶ್ಯವನ್ನು ಮಾತ್ರ ಆರಿಸಿ, ಅದರ ಅರ್ಥವನ್ನು ಬಿಡಿಸಿ ಹೇಳಿ, ನಿಧಾನವಾಗಿ ಕಲಿಸಬಹುದು. ಪೂರ್ಣ ನಾಟಕವನ್ನು ಹಿರಿಯರೇ ಆಡಲಿ, ಮಕ್ಕಳು ನೋಡಲಿ.

ಮೂರನೆಯ ನಿಯಮ ವಸ್ತುವಿಗೆ ಸಂಬಂಧಿಸಿದ್ದು. ಸಮಿತಿಯ ಮಿತ್ರರೊಬ್ಬರು ಈ ವರ್ಷ ‘ಜೋಕುಮಾರಸ್ವಾಮಿ’ಯನ್ನು ಸೂಚಿಸಿದರು, ಇನ್ನೊಬ್ಬರು ‘ಸಂಗ್ಯಾ ಬಾಳ್ಯಾ’ ಎಂದರು. ಎರಡರ ಹಾಡುಗಳೂ ಕೇಳಿದವರನ್ನು ಕುಣಿಸುತ್ತವೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಒಂದು ಬಂಜೆತನದ, ದೇಹದ ಹಸಿವಿನ, ಭೂಮಿಯ ಒಡೆತನದ ನಾಟಕ. ಇನ್ನೊಂದು ಪರಸ್ತ್ರೀ ಮೋಹದ ಮತ್ತು ಕೊಲೆಯ ಕಥೆ. ಹಿರಿಯರಿಗೆ ಹಿರಿಯರು ಹೇಳಬೇಕಾದ ಕಥೆಗಳವು. ಹಾಡು ಚೆನ್ನಾಗಿದೆಯೆಂದು ಅರ್ಥವಾಗದ ಇಂಗಿತದ ಮಾತನ್ನು ಹದಿನಾಲ್ಕರ ಹುಡುಗಿಯ ಬಾಯಲ್ಲಿ ಇರಿಸಿ, ಸಭೆ ನಗುವುದನ್ನು ಅವಳು ಎದುರಿಸುವಂತೆ ಮಾಡುವುದು ಸರಿಯಲ್ಲ. ಕತ್ತರಿ ಹಾಕಿ ಆಡಿಸೋಣವೆಂದರೆ ನಾಟಕದ ಜೀವವೇ ಹೋಗುತ್ತದೆ.

ಹಾಗೆಂದು ಮಕ್ಕಳಿಗೆ ಸಿಹಿಯನ್ನೇ ಬಡಿಸಬೇಕೆಂಬ ವಾದವೂ ನನ್ನದಲ್ಲ. ದುಃಖಕ್ಕೆ, ಸಾವಿಗೆ, ಅನ್ಯಾಯಕ್ಕೆ ಈ ವಯಸ್ಸಿನವರು ಹೆದರುವುದಿಲ್ಲ. ಅವುಗಳ ಬಗೆಗೆ ನಮಗಿಂತ ಹೆಚ್ಚು ಯೋಚಿಸುತ್ತಿರುತ್ತಾರೆ. ತಾನು ಆಡುವ ಮಾತು ತನಗೆ ಅರ್ಥವಾಗಬೇಕು, ಅದನ್ನು ಮರುದಿನ ಶಾಲೆಯಲ್ಲಿ ಗೆಳೆಯರ ಮುಂದೆ ಹೇಳಲು ನಾಚಿಕೆಯಾಗಬಾರದು. ಈ ಎರಡು ಒರೆಗಲ್ಲುಗಳು ಸಾಕು.

ನಾಲ್ಕನೆಯದು ಲೆಕ್ಕ, ಇದು ನನ್ನ ಕ್ಷೇತ್ರ. ಕಳೆದ ವರ್ಷ ನಮ್ಮಲ್ಲಿ 23 ಮಕ್ಕಳಿದ್ದರು: 14 ಹುಡುಗಿಯರು, 9 ಹುಡುಗರು. ನಾಟಕದಲ್ಲಿ ಮಾತಿದ್ದ ಪಾತ್ರಗಳು 6. ಉಳಿದ 17 ಮಕ್ಕಳು ಸಖಿಯರಾಗಿ, ಭಟರಾಗಿ, ಚಾಮರ ಹಿಡಿದು ನಿಂತರು. ಅರ್ಧ ವರ್ಷದ ಭಾನುವಾರಗಳನ್ನು ಕೊಟ್ಟ ಮಗುವಿಗೆ ಒಂದು ಸಾಲಿನ ಕನ್ನಡವೂ ದಕ್ಕದಿದ್ದರೆ ನಮ್ಮ ಉದ್ದೇಶ ನೆರವೇರಿತೆಂದು ಹೇಗೆ ಹೇಳುವುದು? ಪಾತ್ರಗಳ ಸಂಖ್ಯೆ ಮಕ್ಕಳ ಸಂಖ್ಯೆಗೆ ಸರಿಹೊಂದಬೇಕು. ಪ್ರತಿಯೊಬ್ಬರಿಗೂ ಹೇಳಲು ಅಥವಾ ಹಾಡಲು ಏನಾದರೂ ಇರಬೇಕು. ಹತ್ತನೆಯ ತರಗತಿಯವರಿಗೆ ಪರೀಕ್ಷೆ ಸಮೀಪಿಸಿರುತ್ತದೆಯಾದ್ದರಿಂದ ಮುಖ್ಯ ಪಾತ್ರಗಳು ಎಂಟು ಒಂಬತ್ತನೆಯವರಿಗಿರಲಿ. ಒಟ್ಟು ಅವಧಿ ಒಂದು ಗಂಟೆಯನ್ನು ಮೀರದಿರಲಿ. ಅಮೆರಿಕದಲ್ಲಿ ಬ್ರಾಡ್‌ವೇಯ ದೊಡ್ಡ ಸಂಗೀತ ನಾಟಕಗಳನ್ನು ಮಕ್ಕಳಿಗಾಗಿ ಸುಮಾರು ಒಂದು ಗಂಟೆಗೆ ಇಳಿಸಿ, ಹಾಡುಗಳ ಶ್ರುತಿಯನ್ನೂ ಎಳೆಯ ಕಂಠಗಳಿಗೆ ಹೊಂದಿಸಿ, ಅಧಿಕೃತವಾಗಿಯೇ ಪ್ರಕಟಿಸಿ ಶಾಲೆಗಳಿಗೆ ಒದಗಿಸುವ ಸಂಸ್ಥೆಗಳಿವೆ. ಅಷ್ಟು ಶ್ರೀಮಂತವಾದ ರಂಗಭೂಮಿಗೇ ಅದು ಅವಮಾನವಾಗದಿರುವಾಗ ನಮಗೇಕೆ ಆಗಬೇಕು?

ಅಧಿಕೃತವಾಗಿ ಎಂದುದಕ್ಕೆ ಕಾರಣವಿದೆ. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಲೇಖಕನ ಜೀವಿತಕಾಲ ಮತ್ತು ಅನಂತರದ 60 ವರ್ಷಗಳವರೆಗೆ ಹಕ್ಕು ಉಳಿಯುತ್ತದೆ. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಮೂಲ ಕೃತಿಗಳು 2001ರ ಕೊನೆಗೆ ಸರ್ವರ ಸ್ವತ್ತಾದವು. ಆದರೆ 1994ರಲ್ಲಿ ನಿಧನರಾದ ಕುವೆಂಪು, 1998ರಲ್ಲಿ ನಿಧನರಾದ ಪು. ತಿ. ನ. ಅವರ ಕೃತಿಗಳ ಹಕ್ಕು ಇನ್ನೂ ಇದೆ. ಶಾಲೆಯ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರಷ್ಟೇ ನೋಡುವ ಪ್ರದರ್ಶನಕ್ಕೂ, ಹವ್ಯಾಸಿ ಸಂಸ್ಥೆಯೊಂದು ಹಣ ಕೊಡದ ಪ್ರೇಕ್ಷಕರಿಗೆ ನೀಡುವ ಪ್ರದರ್ಶನಕ್ಕೂ ಕಾಯಿದೆಯಲ್ಲಿ ವಿನಾಯಿತಿ ಇದೆ. ಟಿಕೆಟ್ಟು ಇಟ್ಟರೆ ಆ ಆಸರೆಯನ್ನು ನೆಚ್ಚಬಾರದು. ಕಾಯಿದೆ ಏನೇ ಇರಲಿ, ಲೇಖಕರ ಮನೆಯವರಿಗೆ ಒಂದು ಪತ್ರ, ಕೈಲಾದ ಗೌರವಧನ, ಆಮಂತ್ರಣ ಪತ್ರಿಕೆಯಲ್ಲಿ ಲೇಖಕರ ಹೆಸರು, ಇವು ನಮ್ಮ ಸಭ್ಯತೆಯ ಭಾಗವಾಗಬೇಕು. ಗಣ್ಯರ ಹಾರತುರಾಯಿಗೆ ಹಣ ಸಾಲುವ ಸಂಘಕ್ಕೆ ಇದಕ್ಕೆ ಸಾಲದೆ?

ಇನ್ನು ಯಾವ ನಾಟಕ ಎಂಬ ಪ್ರಶ್ನೆಗೆ ಬರೋಣ. ಬೇಡವೆನ್ನುವುದು ಸುಲಭ, ಆದ್ದರಿಂದ ಮೂರು ಸಲಹೆಗಳನ್ನು ಮುಂದಿಡುತ್ತೇನೆ.

ಮೊದಲನೆಯದು ಬಿ. ವಿ. ಕಾರಂತರ ‘ಪಂಜರಶಾಲೆ’. ಬಾಲ್ಯದಲ್ಲಿಯೇ ಗುಬ್ಬಿ ಕಂಪನಿಯನ್ನು ಸೇರಿ, ಮುಂದೆ ರಾಷ್ಟ್ರೀಯ ನಾಟಕ ಶಾಲೆಯನ್ನೂ ಮೈಸೂರಿನ ರಂಗಾಯಣವನ್ನೂ ಮುನ್ನಡೆಸಿದ ಕಾರಂತರು (1929–2002) ಠಾಕೂರರ ಗಿಳಿಯ ಕಥೆಯನ್ನು ಆಧರಿಸಿ ಮಕ್ಕಳಿಗಾಗಿ ರೂಪಿಸಿದ ನಾಟಕವಿದು. ಹಾಡುತ್ತ ಹಾರಾಡುವ ಹಕ್ಕಿಯೊಂದಕ್ಕೆ ವಿದ್ಯೆ ಕಲಿಸಬೇಕೆಂದು ರಾಜನಿಗೆ ತೋರುತ್ತದೆ. ಅಕ್ಕಸಾಲಿಗ ಚಿನ್ನದ ಪಂಜರ ಮಾಡುತ್ತಾನೆ. ಪಂಡಿತರು ಗ್ರಂಥಗಳ ರಾಶಿ ಹಾಕುತ್ತಾರೆ. ಕಮ್ಮಾರ ಸರಪಳಿ ತರುತ್ತಾನೆ. ಎಲ್ಲರೂ ಸಂಭಾವನೆ ಪಡೆಯುತ್ತಾರೆ. ಹಕ್ಕಿ ಮಾತ್ರ ಸಾಯುತ್ತದೆ. ಪಾತ್ರಗಳು ಹೇರಳ, ನಗೆ ಹೇರಳ, ಮೇಳದ ಹಾಡಿಗೆ ವಿಪುಲವಾದ ಅವಕಾಶ. ರಾಜ, ಪಂಡಿತ, ಕಮ್ಮಾರರ ಪಾತ್ರಗಳಿಗೆ ಒಡೆದ ಕಂಠವೇ ಭೂಷಣ. ಬೆಳಗಿನ ಏಳಕ್ಕೆ ಕೋಚಿಂಗ್ ತರಗತಿ, ಹಗಲೆಲ್ಲ ಶಾಲೆ, ಸಂಜೆ ಮತ್ತೆ ಟ್ಯೂಷನ್ ಎಂಬ ಪಂಜರದಲ್ಲಿರುವ ನಮ್ಮ ಮಕ್ಕಳಿಗೆ ಈ ಕಥೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಮುಂದಿನ ಸಾಲಿನಲ್ಲಿ ಕುಳಿತ ನಮಗೆ ತುಸು ಚುರುಕು ಮುಟ್ಟಿದರೆ ಅದೂ ಒಳ್ಳೆಯದೇ.

ಎರಡನೆಯದು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ರಾಬರ್ಟ್ ಬ್ರೌನಿಂಗನ ಇಂಗ್ಲಿಷ್ ಕಥನಕವನವನ್ನು ತುಂಗೆಯ ತೀರಕ್ಕೆ ತಂದು ನೆಡಿಸಿದ ಕೃತಿ. ಇದು ನಾಟಕವಲ್ಲ, ಕವನ; ಆದರೂ ಮಕ್ಕಳ ರಂಗಕ್ಕೆ ಮತ್ತೆ ಮತ್ತೆ ಬಂದಿದೆ. ಚಿಕ್ಕಮಕ್ಕಳಿಗೆ ಮಾತ್ರ ಇದು ತಕ್ಕದ್ದೆಂಬ ಭಾವನೆ ತಪ್ಪು. ಇಲಿಗಳನ್ನು ಕಿರಿಯರು ಮಾಡಲಿ. ಕೆಲಸ ಮಾಡಿಸಿಕೊಂಡು ಒಪ್ಪಿದ ಹಣವನ್ನು ಕೊಡದೆ ಜಾರಿಕೊಳ್ಳುವ ಊರ ದೊಡ್ಡವರನ್ನು ಒಂಬತ್ತನೆಯ ತರಗತಿಯವರು ಮಾಡಲಿ. ದೊಡ್ಡವರ ಕಪಟವನ್ನು ಅನುಕರಿಸುವಲ್ಲಿ ಆ ವಯಸ್ಸಿನವರನ್ನು ಮೀರಿಸಿದವರಿಲ್ಲ. ವಾಯಿದೆ ತಪ್ಪಿದವರ ಕಥೆಯಾದ್ದರಿಂದ ನನಗೆ ಇದು ವೃತ್ತಿದೃಷ್ಟಿಯಿಂದಲೂ ಪ್ರಿಯವಾದುದು. ಎಲ್ಲಕ್ಕಿಂತ ಮುಖ್ಯವಾದ ಅನುಕೂಲವೆಂದರೆ ಜೋಗಿ ಹಾಡಬೇಕಾಗಿಲ್ಲ, ಕಿಂದರಿಯನ್ನು ನುಡಿಸಿದರೆ ಸಾಕು. ಕಥೆಯನ್ನು ಮೇಳ ಹೇಳುತ್ತದೆ. ನಾಯಕನ ಕಂಠ ಯಾವ ಸ್ಥಿತಿಯಲ್ಲಿದ್ದರೂ ನಾಟಕಕ್ಕೆ ಧಕ್ಕೆಯಿಲ್ಲ.

ಮೂರನೆಯದು ಯಕ್ಷಗಾನ. ನಮ್ಮ ಪೂರ್ವಜರು ಎಷ್ಟು ಜಾಣತನದಿಂದ ಈ ಕಲೆಯನ್ನು ಕಟ್ಟಿದ್ದಾರೆ ನೋಡಿ! ಪದವನ್ನು ಭಾಗವತರು ಹಾಡುತ್ತಾರೆ. ವೇಷಧಾರಿ ಕುಣಿಯುತ್ತಾನೆ, ಅರ್ಥ ಹೇಳುತ್ತಾನೆ. ಇದು ಮೋಸದ ತುಟಿಯಾಟವಲ್ಲ. ಹಾಡುವವರು ಸಭೆಯ ಕಣ್ಣೆದುರಿಗೇ ಕುಳಿತಿರುತ್ತಾರೆ. ಕುಣಿಯುವವನ ಹೆಜ್ಜೆಗೆ ಅವರ ತಾಳ ಹೊಂದಿಕೊಳ್ಳುತ್ತದೆ. ಅಭಿಮನ್ಯು, ಬಭ್ರುವಾಹನ, ಲವಕುಶ ಮೊದಲಾದ ಎಳೆಯ ವೀರರ ಪ್ರಸಂಗಗಳನ್ನು ಒಂದು ಗಂಟೆಗೆ ಇಳಿಸುವುದು ಬಲ್ಲವರಿಗೆ ಕಷ್ಟವಲ್ಲ. ಉಡುಪಿಯ ಸುತ್ತಿನ ಪ್ರೌಢಶಾಲೆಗಳಲ್ಲಿ ಮಕ್ಕಳಿಗೆ ಯಕ್ಷಗಾನ ಕಲಿಸುವ ಕ್ರಮ ಹಲವು ವರ್ಷಗಳಿಂದ ನಡೆದುಬಂದಿದೆ. ಮುಂಬಯಿಯಲ್ಲಿಯೂ ಬಲ್ಲವರ ಕೊರತೆಯಿಲ್ಲ. ಹೋಟೆಲಿನ ಗಲ್ಲೆಯ ಹಿಂದೆ ಕುಳಿತ ಎಷ್ಟೋ ಮಂದಿಯ ಕಾಲಲ್ಲಿ ಇನ್ನೂ ಹೆಜ್ಜೆಯಿದೆ. ಅವರನ್ನು ಕರೆಯಬೇಕಷ್ಟೆ.

ಕಷ್ಟವಿಲ್ಲದೆ ಕಲಿಕೆಯುಂಟೆ, ಹೀಗೆ ಎಲ್ಲವನ್ನೂ ಹಗುರ ಮಾಡಿದರೆ ಮಕ್ಕಳು ಬೆಳೆಯುವುದು ಹೇಗೆ ಎಂದು ಹಿರಿಯರು ಕೇಳಿಯಾರು. ಪ್ರಶ್ನೆ ಸರಿಯಾದುದೇ. ಆದರೆ ಕಷ್ಟದಲ್ಲಿ ಎರಡು ಬಗೆ. ಅಭ್ಯಾಸದಿಂದ ಗೆಲ್ಲಬಹುದಾದ ಕಷ್ಟ ಒಂದು: ಉಚ್ಚಾರ, ಹೆಜ್ಜೆ, ತಾಳ, ಸಭಾಕಂಪ. ಇವನ್ನು ಧಾರಾಳವಾಗಿ ಕೊಡೋಣ. ಎಷ್ಟು ಅಭ್ಯಾಸ ಮಾಡಿದರೂ ಬೆಳೆಯುವ ದೇಹ ಆ ಹೊತ್ತಿಗೆ ಮಣಿಯದ ಕಷ್ಟ ಇನ್ನೊಂದು. ಅಲ್ಲಿ ಸೋತ ಮಗು ತಾನು ಅಯೋಗ್ಯನೆಂದು ಭಾವಿಸುತ್ತದೆಯೇ ಹೊರತು ನಾಟಕದ ಆಯ್ಕೆ ತಪ್ಪಾಯಿತೆಂದು ಭಾವಿಸುವುದಿಲ್ಲ. ನಮ್ಮ ಊರುಗಳಲ್ಲಾದರೆ ಹಾಗೆ ಮುನಿದ ಹುಡುಗನಿಗೆ ಕನ್ನಡ ಬೀದಿಯಲ್ಲಿ ಮತ್ತೆ ಸಿಗುತ್ತದೆ. ಇಲ್ಲಿ ಸಂಘದ ಬಾಗಿಲಿನಿಂದ ಹೊರಗೆ ಹೋದವನಿಗೆ ಅದು ಮತ್ತೆ ಎಲ್ಲಿ ಸಿಗಬೇಕು? ಕನ್ನಡ ಮಾಧ್ಯಮದ ಶಾಲೆಗಳು ಕ್ಷೀಣಿಸುತ್ತ ಬಂದಿರುವ ಈ ನಗರದಲ್ಲಿ, ನೂರಾರು ಜನರೆದುರು ಗಟ್ಟಿಯಾಗಿ ಕನ್ನಡ ಹೇಳುವ ಅವಕಾಶ ನಮ್ಮ ಎಷ್ಟೋ ಮಕ್ಕಳಿಗೆ ವರ್ಷಕ್ಕೆ ಆ ಒಂದು ಸಂಜೆ ಮಾತ್ರ. ಆ ಸಂಜೆ ಅವರು ತಮ್ಮದೇ ದನಿಯಲ್ಲಿ ಹೇಳಲಿ. ಅದು ಒಡೆದ ದನಿಯಾದರೂ ಆಗಲಿ.

ಆದ್ದರಿಂದ ಸಮಿತಿಯ ಮಾನ್ಯ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟು. ಈ ವರ್ಷ ನಾಟಕದ ಹೆಸರನ್ನು ಎತ್ತುವ ಮೊದಲು ಒಂದು ಭಾನುವಾರ ಮಕ್ಕಳೆಲ್ಲರನ್ನೂ ಕರೆದು ಕೂರಿಸಿ, ಒಬ್ಬೊಬ್ಬರ ದನಿಯನ್ನೂ ಕೇಳೋಣ. ಅವರ ಕನ್ನಡವನ್ನು ಕೇಳೋಣ. ಅವರಿಗೇನು ಇಷ್ಟವೆಂದೂ ಕೇಳೋಣ. ಧ್ವನಿಮುದ್ರಿತ ಹಾಡಿಗೆ ತುಟಿಯಾಡಿಸುವ ಪದ್ಧತಿಯನ್ನು ಕೈಬಿಡೋಣ. ಸ್ಟುಡಿಯೋಗೆ ತೆತ್ತ ಹಣದಲ್ಲಿ ಒಳ್ಳೆಯ ಹಾರ್ಮೋನಿಯಂ ಒಂದನ್ನು ಕೊಳ್ಳಬಹುದು. ಕಲಿಸುವವರೊಬ್ಬರ ಹೋಗಿಬರುವ ವೆಚ್ಚವನ್ನು ಭರಿಸಬಹುದು. ಆ ವೋಚರಿಗೆ ನಾನು ಸಂತೋಷದಿಂದ ಸಹಿ ಹಾಕುತ್ತೇನೆ.

ಬ್ರೌನಿಂಗನ ಕಥೆಯ ಕೊನೆಯಲ್ಲಿ ಎಲ್ಲ ಮಕ್ಕಳೂ ಸಂಗೀತದ ಹಿಂದೆ ಬೆಟ್ಟದೊಳಗೆ ಹೊಕ್ಕಾಗ ಕುಂಟುವ ಹುಡುಗನೊಬ್ಬ ಮಾತ್ರ ಹೊರಗುಳಿಯುತ್ತಾನೆ. ಚಿಕ್ಕಂದಿನಲ್ಲಿ ಅವನು ಉಳಿದುಕೊಂಡನಲ್ಲ ಎಂದು ನನಗೆ ಸಮಾಧಾನವಾಗಿತ್ತು. ಅವನಿಗೆ ಮಾತ್ರ ಜೀವಮಾನವೆಲ್ಲ ಅದೇ ದುಃಖವೆಂಬುದು ಕವಿತೆಯಲ್ಲಿಯೇ ಇದೆ. ನನಗೆ ಅರ್ಥವಾದದ್ದು ಈಗ.

ನನ್ನ ಸೋದರಳಿಯನ ಕಂಠ ಈಗ ಹಾರ್ಮೋನಿಯಂನ ಬಿಳಿ ಒಂದರ ಹತ್ತಿರ ನೆಲೆಗೊಳ್ಳುತ್ತಿದೆ. ಮೊನ್ನೆ ಫೋನೆತ್ತಿ ‘ಹಲೋ’ ಎಂದಾಗ ಅವನ ತಂದೆಯೆಂದೇ ತಿಳಿದು ಮಾತನಾಡಿಸಿದೆ. ಆ ದನಿಗೆ ‘ಪಂಜರಶಾಲೆ’ಯ ರಾಜನ ಪಾತ್ರ ಚೆನ್ನಾಗಿ ಒಪ್ಪುತ್ತದೆ. ಬಾ ಎಂದು ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.